ಹೌಸಿಂಗ್‌ಗೆ ಯಾವ ಎಣ್ಣೆ?

ಇಂಜಿನ್ ಈಗ ತಾನೇ ನಿಂತಿದೆ. ಹತ್ತು ನಿಮಿಷ ಸುಮ್ಮನೆ ಓಡಲು ಬಿಟ್ಟಿದ್ದರು. ಬಿಸಿಯಾದ ಎಣ್ಣೆ ತಳದ ಗಸಿಯನ್ನೂ ಎಳೆದುಕೊಂಡು ಇಳಿಯುತ್ತದೆ. ಮೇಸ್ತ್ರಿ ಗೋಣಿಚೀಲ ಹಾಸಿಕೊಂಡು ಟ್ರ್ಯಾಕ್ಟರ್ ಕೆಳಗೆ ಮಲಗಿದ್ದಾರೆ. ನೀವು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡುತ್ತಿದ್ದೀರಿ. ಡ್ರೈನ್ ಬೋಲ್ಟ್ ಕೊನೆಯ ಸುತ್ತು ಬಿಚ್ಚಿಕೊಳ್ಳುತ್ತಿದ್ದಂತೆ ಅವರು ಬೆರಳನ್ನು ಸರಕ್ಕನೆ ಹಿಂದೆಳೆದುಕೊಂಡರು. ಕಪ್ಪು ಎಣ್ಣೆ ಬಾಂಡಲಿಗೆ ಬಿತ್ತು, ಬಿಸಿ ವಾಸನೆ ಮುಖಕ್ಕೆ ರಾಚಿತು.

ಆಷಾಢದ ಗಾಳಿ ಜೋರಾಗಿದೆ. ಕೆ.ಆರ್.ಪೇಟೆ ತಾಲ್ಲೂಕಿನ ಈ ಗೋವಿಂದನಹಳ್ಳಿಯಲ್ಲಿ ಮನೆ ಮುಂದಿನ ತೆಂಗಿನ ಮರಗಳು ಒಂದೇ ಸಮ ತೂಗುತ್ತಿವೆ, ಗಾಡಿಯ ಯಜಮಾನರಾದ ಗೌಡರ ಮಗ ಎಣ್ಣೆ ಕ್ಯಾನುಗಳ ಬಾಯಿಗೆ ಬಟ್ಟೆ ಮುಚ್ಚಿಕೊಂಡು ನಿಂತಿದ್ದಾನೆ. ನಾಲೆಗೆ ನೀರು ಬಿಟ್ಟರೆ ಕೆಸರು ಉಳುಮೆ ಶುರು, ಆಮೇಲೆ ಗಾಡಿಗೆ ಒಂದು ದಿನವೂ ಬಿಡುವಿಲ್ಲ. ಮೀಟರ್ 1,247 ಗಂಟೆ ತೋರಿಸುತ್ತಿದೆ. ಇಂಜಿನ್ ಎಣ್ಣೆ 250 ಗಂಟೆಗೊಮ್ಮೆ, ಹಿಂಭಾಗದ ಗೇರು-ಬ್ರೇಕುಗಳ ಹೌಸಿಂಗ್ ಎಣ್ಣೆ 1,000 ಗಂಟೆಗೊಮ್ಮೆ ಎಂದು ಈ ಗಾಡಿಯ ಪುಸ್ತಕ ಹೇಳುತ್ತದೆ. ಹೌಸಿಂಗ್‌ನದು ಆಗಲೇ ತಡವಾಗಿದೆ.

ಇಂಜಿನ್‌ನದು ಸಲೀಸಾಗಿ ಮುಗಿಯಬೇಕಿತ್ತು. ಹುಡುಗ ಮೊದಲು ಮುಂದೆ ಹಿಡಿದ ಕ್ಯಾನಿನ ಮೇಲೆ 20ಡಬ್ಲ್ಯು-40 ಎಂದಿತ್ತು. ಮೇಸ್ತ್ರಿ ಅದನ್ನು ತಿರುಗಿಸಿ ಹಿಂಬದಿ ಓದಿದರು.

"ಇದು ಬೈಕ್‌ದು ಕಣ್ಲಾ ಮಗ."

"ನಂಬರ್ ಒಂದೇ ಐತಲ್ಲಣ್ಣ?"

"ನಂಬರ್ ಒಂದೇ. ಅಕ್ಷರ ನೋಡು."

ಸಂಖ್ಯೆ ಹೇಳುವುದು ಎಣ್ಣೆ ಎಷ್ಟು ಗಟ್ಟಿ ಎಂಬುದನ್ನು ಮಾತ್ರ: ಡಬ್ಲ್ಯು ಹಿಂದಿನದು ಚಳಿಯಲ್ಲಿ, ಮುಂದಿನದು 100 ಡಿಗ್ರಿ ಕಾವಿನಲ್ಲಿ. ಯಾವ ಇಂಜಿನ್‌ಗೆ ಎಂಬುದು ಎಪಿಐ ಎಂದು ಬರೆದ ಕಡೆ ಇರುತ್ತದೆ. 'ಎಸ್'ನಿಂದ ಶುರುವಾದರೆ ಪೆಟ್ರೋಲ್, 'ಸಿ'ಯಿಂದಾದರೆ ಡೀಸೆಲ್. ಡೀಸೆಲ್ ಇಂಜಿನ್ ಮಸಿ ಉಗುಳುತ್ತದೆ. ಆ ಮಸಿ ಗಂಟುಕಟ್ಟದೆ ಎಣ್ಣೆಯಲ್ಲೇ ತೇಲುತ್ತಿರುವಂತೆ ಹಿಡಿದಿಡುವ ಮದ್ದು 'ಸಿ' ಎಣ್ಣೆಯಲ್ಲಿ ಹೆಚ್ಚು. ಸಿಎಚ್-4 ಬಂದದ್ದು 1998ರಲ್ಲಿ, ಸಿಐ-4 ಬಂದದ್ದು 2002ರಲ್ಲಿ. ಈ ಗಾಡಿಗೆ ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಎಣ್ಣೆ ಬೇಗ ಕಪ್ಪಾಯಿತು ಎಂದು ಅಂಗಡಿಯವನ ಮೇಲೆ ರೇಗುವವರು ನಮ್ಮಲ್ಲಿ ಬಹಳ. ಕಪ್ಪಾಗುವುದೇ ಅದರ ಕೆಲಸ.

ಪುಣ್ಯಕ್ಕೆ ಇನ್ನೊಂದು ಕ್ಯಾನ್ ಸರಿಯಾದದ್ದೇ. ಹೊಸ ಫಿಲ್ಟರಿನ ರಬ್ಬರ್ ಉಂಗುರಕ್ಕೆ ಒಂದು ಬೆರಳು ಎಣ್ಣೆ ಸವರಿ, ಪಾನಾ ಹಾಕದೆ ಕೈಯಲ್ಲೇ ತಿರುಗಿಸಿ ಕೂರಿಸಿದರು. ಏಳು ಲೀಟರಿನ ಆಸುಪಾಸು ಹಿಡಿಯಿತು. ಡಿಪ್‌ಸ್ಟಿಕ್‌ನ ಮೇಲಿನ ಗೆರೆ ಮುಟ್ಟುವ ಮೊದಲೇ ಸಾಕೆಂದು ಕೈ ಅಡ್ಡ ಹಿಡಿದರು. ಹೆಚ್ಚಾದರೆ ಕ್ರ್ಯಾಂಕ್ ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆ ಬೇರಿಂಗ್ ಕಾಯುವುದಿಲ್ಲ.

ಈಗ ಹಿಂದಕ್ಕೆ ಬನ್ನಿ. ಹೌಸಿಂಗ್ ಬೋಲ್ಟ್ ಬಿಚ್ಚಿದ ಕೂಡಲೇ ಮೇಸ್ತ್ರಿ ನಾಲಗೆಯಿಂದ ಚ್ ಎಂದರು. ಇಳಿಯುತ್ತಿರುವುದು ಬಿಳಿಚಿಕೊಂಡ ಎಣ್ಣೆ. ನೀರು ಸೇರಿದೆ. ಹೋದ ವರ್ಷ ಕೇಜ್‌ವೀಲ್ ಕಟ್ಟಿಕೊಂಡು ಆಕ್ಸಲ್ ಮುಳುಗುವಷ್ಟು ಕೆಸರಿನಲ್ಲಿ ಉತ್ತಿದ್ದಾರೆ, ಎಲ್ಲೋ ಒಂದು ಸೀಲ್ ಹೋಗಿದೆ. ಬೋಲ್ಟಿನ ತುದಿಯಲ್ಲಿ ಆಯಸ್ಕಾಂತವಿದೆ, ಅದಕ್ಕೆ ಬೂದುಬಣ್ಣದ ಮೆತ್ತನೆ ಗಸಿ ಅಂಟಿದೆ. ಮೇಸ್ತ್ರಿ ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದರು. ನುಣ್ಣಗಿದ್ದರೆ ಗೇರುಗಳ ಸಹಜ ಸವೆತ, ಚೂರು ಸಿಕ್ಕರೆ ಹಲ್ಲು ಮುರಿದಿದೆ. ಆಮೇಲೆ ಬಾಂಡಲಿಯನ್ನು ಬಿಸಿಲಿಗೆ ಓರೆ ಮಾಡಿದರು. ಹಳದಿ ಮಿಂಚು ಹುಡುಕುತ್ತಿದ್ದಾರೆ. ಹಿತ್ತಾಳೆ, ಕಂಚು ಆಯಸ್ಕಾಂತಕ್ಕೆ ಅಂಟುವುದಿಲ್ಲ, ಕಣ್ಣಿಗೇ ಸಿಗಬೇಕು. ಸಿಗಲಿಲ್ಲ.

ಗೌಡರು ಇಪ್ಪತ್ತು ಲೀಟರಿನ ಎರಡು ಬಕೆಟ್ ತಂದು ಧೊಪ್ಪನೆ ಇಟ್ಟರು. ಎರಡೂ 90 ಆಯಿಲ್.

"ಇದನ್ನ ಯಾರ್ ಹೇಳುದ್ರು ಗೌಡ್ರೆ?"

"ನಮ್ಮಪ್ಪನ ಕಾಲದ ಗಾಡಿಗೆ ಇದ್ನೇ ಹಾಕ್ತಿದ್ದುದ್ದು. ಎಣ್ಣೆ ಎಣ್ಣೇನೆ ಅಲ್ವಾ ಮೇಸ್ತ್ರಿ?"

"ಆ ಗಾಡಿಗೆ ಡ್ರೈ ಬ್ರೇಕು. ಇದು ಆಯಿಲ್ ಬ್ರೇಕು."

ಜಗಳವಲ್ಲ, ಆದರೆ ನಲವತ್ತು ಲೀಟರಿನ ದುಡ್ಡು. ಗೌಡರ ಮುಖ ಬಿಗಿಯಿತು. ಟ್ರ್ಯಾಕ್ಟರಿನಲ್ಲಿ ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ ಎಂಬುದು ನನ್ನ ಅನಿಸಿಕೆ. ಕಾರಣ ಅಜ್ಞಾನಕ್ಕಿಂತ ಹೆಚ್ಚಾಗಿ ಹಳೆಯ ಅನುಭವ. ಅಪ್ಪನ ಗಾಡಿಯಲ್ಲಿ ಬ್ರೇಕ್ ತಟ್ಟೆಗಳು ಹೊರಗೆ ಒಣಗಿಕೊಂಡಿದ್ದವು, ಗೇರ್‌ಬಾಕ್ಸ್‌ಗೆ ಏನು ಹಾಕಿದರೂ ಬ್ರೇಕಿಗೆ ಸಂಬಂಧವಿರಲಿಲ್ಲ. ಇದರಲ್ಲಿ ಗೇರು, ಡಿಫರೆನ್ಷಿಯಲ್, ಲಿಫ್ಟು, ಬ್ರೇಕ್ ಪ್ಲೇಟು ಎಲ್ಲವೂ ಒಂದೇ ಎಣ್ಣೆಯಲ್ಲಿ ಮುಳುಗಿವೆ. ಗೇರಿಗೆ ಜಾರಬೇಕು, ಬ್ರೇಕಿಗೆ ಅಳತೆಯಾಗಿ ಹಿಡಿಯಬೇಕು, ಲಿಫ್ಟಿನ ಪಂಪು ಬೆಳಗಿನ ಚಳಿಯಲ್ಲೂ ಎಳೆದುಕೊಳ್ಳುವಷ್ಟು ತೆಳ್ಳಗಿರಬೇಕು. ಯುಟಿಟಿಒ ಎಂಬ ಹೆಸರಿನಲ್ಲಿ ಸಿಗುವ ಟ್ರ್ಯಾಕ್ಟರ್ ಎಣ್ಣೆಯನ್ನು ಈ ಮೂರಕ್ಕೂ ಸರಿಹೊಂದುವಂತೆ ಮಾಡಿರುತ್ತಾರೆ. 90 ಆಯಿಲ್ ಗೇರಿಗೆ ಒಳ್ಳೆಯದೇ. ಆದರೆ ಆಯಿಲ್ ಬ್ರೇಕಿನ ಪ್ಲೇಟುಗಳ ನಡುವೆ ಹೋದರೆ ಪೆಡಲ್ ಒತ್ತಿದಾಗ ಗರ್ರ್ ಎಂದು ಇಡೀ ಹಿಂಭಾಗ ನಡುಗುತ್ತದೆ, ಹಿಡಿತ ತಪ್ಪುತ್ತದೆ. ಅದರಲ್ಲೂ ಜಿಎಲ್-5 ದರ್ಜೆಯದಾದರೆ ಅದರ ಗಂಧಕದ ಮದ್ದು ಹಿತ್ತಾಳೆ ಬುಶ್‌ಗಳನ್ನು ತಿನ್ನಬಲ್ಲದು. ಹಿಂದೆ ಎರಡು ಟ್ರೇಲರ್ ಕಬ್ಬು ಇದ್ದಾಗ ಬ್ರೇಕ್ ಜಾರಿದರೆ ಏನಾಗುತ್ತದೆಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಮೇಸ್ತ್ರಿ ದೇವಸ್ಥಾನದ ದಿಕ್ಕಿಗೆ ಗದ್ದ ಎತ್ತಿದರು.

"ಅಲ್ಲಿ ನೋಡಿ ಗೌಡ್ರೆ, ಸೂರು ಒಂದೇಯ, ಐದು ಲಿಂಗಕ್ಕೂ ಗರ್ಭಗುಡಿ ಬ್ಯಾರೆ. ಇದ್ರಲ್ಲೂ ಐದು ಮನೆ ಅವೆ. ಇಂಜಿನ್ನು, ಹೌಸಿಂಗು, ಸ್ಟೇರಿಂಗು, ರೇಡಿಯೇಟ್ರು, ಏರ್ ಕ್ಲೀನರ್ರು. ಒಂದರದ್ದ ಇನ್ನೊಂದಕ್ಕೆ ಹುಯ್ಯಂಗಿಲ್ಲ."

ಹದಿಮೂರನೇ ಶತಮಾನದ ಹೊಯ್ಸಳರ ಪಂಚಲಿಂಗೇಶ್ವರನನ್ನು ಎಣ್ಣೆ ವ್ಯಾಪಾರಕ್ಕೆ ಎಳೆದದ್ದಕ್ಕೆ ಗೌಡರು ನಕ್ಕುಬಿಟ್ಟರು. ಬಕೆಟ್‌ಗಳ ಸೀಲ್ ಒಡೆದಿರಲಿಲ್ಲ. ಬದಲಾಯಿಸಿಕೊಂಡು ಬರಲು ಹುಡುಗ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಕಿಕ್ಕೇರಿಗೆ ಹೊರಟ. ಪುಸ್ತಕದ ಆ ಪುಟವನ್ನು ಫೋನಿನಲ್ಲಿ ಹಿಡಿದುಕೊಂಡು ಹೋಗು, ಅಂಗಡಿಯಲ್ಲಿ ಗಾಡಿಯ ಬಣ್ಣ ಹೇಳಬೇಡ ಎಂದು ಮೇಸ್ತ್ರಿ ಎರಡು ಸಲ ಕೂಗಿ ಹೇಳಿದರು.

ಅವನು ಬರುವಷ್ಟರಲ್ಲಿ ಆಕ್ಸಲ್ ಸೀಲ್ ಬದಲಾಯಿತು. ಸ್ಟೇರಿಂಗ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿದ್ದ ಎಣ್ಣೆಯನ್ನೇ ಒಂದಿಷ್ಟು ಏರಿಸಿದರು. ಈ ಗಾಡಿಯ ಬ್ರೇಕನ್ನು ಎಳೆಯುವುದು ರಾಡು, ಹಾಗಾಗಿ ಬ್ರೇಕ್ ಫ್ಲೂಯಿಡ್ ಡಬ್ಬಿಯೇ ಇಲ್ಲ. ಡಾಟ್-3 ಅಥವಾ ಡಾಟ್-4 ಬೇಡುವ ಗಾಡಿಗಳಲ್ಲಿ ಒಂದು ಚಮಚ ಇಂಜಿನ್ ಎಣ್ಣೆ ಬಿದ್ದರೂ ಒಳಗಿನ ರಬ್ಬರ್ ಕಪ್ಪುಗಳು ಉಬ್ಬಿ ಕೆಡುತ್ತವೆ. ಏರ್ ಕ್ಲೀನರಿನ ಬಟ್ಟಲಲ್ಲಿ ರಾಗಿ ಹೊಲದ ಧೂಳೆಲ್ಲ ಕೆಸರಾಗಿ ಕೂತಿತ್ತು. ಡೀಸೆಲ್‌ನಲ್ಲಿ ತೊಳೆದು, ಒರೆಸಿ, ಹೊಸ ಇಂಜಿನ್ ಎಣ್ಣೆಯನ್ನು ಗೆರೆಯವರೆಗೆ ಹಾಕಿದರು, ಐದು ಮನೆಯ ಮಾತಿಗೆ ಇದೊಂದೇ ಹೊರತು. ಗೆರೆ ಮೀರಿದರೆ ಇಂಜಿನ್ ಅದನ್ನೇ ಒಳಗೆಳೆದುಕೊಳ್ಳುತ್ತದೆ.

ರೇಡಿಯೇಟರಿನ ಬಾಯಿಗೆ ನೀವೇ ಕಣ್ಣಿಟ್ಟು ನೋಡಿ. ಕೊಳವೆಗಳ ತುದಿಯಲ್ಲಿ ಬಿಳಿ ಹಕ್ಕಳೆ. ಬೋರ್‌ವೆಲ್ ನೀರಿನ ಸುಣ್ಣದಂಶ ಅದು. ಇಂಜಿನ್ ಲೈನರಿನ ಹೊರಮೈಗೂ ಹೀಗೇ ಹತ್ತಿಕೊಂಡು ಕಾವು ಹೊರಬರದಂತೆ ತಡೆಯುತ್ತದೆ. ನಮ್ಮಲ್ಲಿ ನೀರೇನೂ ಹೆಪ್ಪುಗಟ್ಟುವುದಿಲ್ಲ, ಕೂಲಂಟ್ ಯಾಕೆ ಎಂದು ಕೇಳುವವರಿದ್ದಾರೆ. ತುಕ್ಕು ತಡೆಯಲು, ಲೈನರಿನಲ್ಲಿ ಸಣ್ಣ ಸಣ್ಣ ಗುಳಿ ಬೀಳದಂತೆ ಕಾಯಲು, ಬೇಗ ಕುದಿಯದಿರಲು. ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೇ ಬೆರೆಸಬೇಕು. ಹಸಿರಿಗೆ ಹಸಿರು ಎಂದು ಬಣ್ಣ ನೋಡಿ ಸೇರಿಸುವುದೂ ತಪ್ಪು, ಬಣ್ಣಕ್ಕೆ ಕಟ್ಟುಪಾಡಿಲ್ಲ.

ಕೊಟ್ಟಿಗೆಯ ಕಡೆಯಿಂದ ಕರುವೊಂದು ಬಂದು ಕೂಲಂಟ್ ಬೆರೆಸುತ್ತಿದ್ದ ಬಕೆಟ್ ಮೂಸಿತು. ಮೇಸ್ತ್ರಿ ಕೂಗಿಕೊಂಡು ಎದ್ದರು. ಕೂಲಂಟಿನ ರುಚಿ ಸಿಹಿ. ಅದರೊಳಗಿನ ಗ್ಲೈಕಾಲ್ ದನ, ನಾಯಿ, ಮಕ್ಕಳು ಯಾರಿಗಾದರೂ ವಿಷ. ಗೌಡರ ಹೆಂಡತಿ ಕರುವನ್ನು ಎಳೆದು ಕಟ್ಟಿ, ಬಕೆಟ್ಟಿಗೆ ತಟ್ಟೆ ಮುಚ್ಚಿದರು. "ಆ ಕರೆಣ್ಣೇನೂ ನಾಲೆ ತಾವ ಚೆಲ್ಬ್ಯಾಡಿ, ಹಳೇ ಕ್ಯಾನ್‌ಗೆ ತುಂಬ್ಸಿ," ಎಂದು ಅವರೇ ಹೇಳಿದರು.

ಬೈಕ್ ವಾಪಸು ಬಂತು. ಹೊಸ ಎಣ್ಣೆ ಜೇನುಬಣ್ಣದಲ್ಲಿ ಆಲಿಕೆಯೊಳಗೆ ಇಳಿಯಿತು. ಗಾಡಿ ಸ್ಟಾರ್ಟ್ ಮಾಡಿ ಲಿಫ್ಟನ್ನು ಐದಾರು ಸಲ ಎತ್ತಿ ಇಳಿಸಿ, ಆಫ್ ಮಾಡಿ, ಮತ್ತೆ ಮಟ್ಟ ನೋಡಿದರೆ ಸ್ವಲ್ಪ ತಗ್ಗಿತ್ತು, ಪೈಪುಗಳು ಕುಡಿದಿದ್ದವು. ಇನ್ನಷ್ಟು ಹಾಕಿ ಗೌಡರನ್ನೇ ಸೀಟಿಗೆ ಹತ್ತಿಸಿದರು. ರಸ್ತೆಯ ಇಳಿಜಾರಿನಲ್ಲಿ ಎರಡು ಪೆಡಲ್ಲೂ ಒಟ್ಟಿಗೆ ಒತ್ತಿದಾಗ ಗಾಡಿ ಸದ್ದಿಲ್ಲದೆ ನಿಂತಿತು.

ಹುಡುಗ ಬಿಳಿ ಪೇಂಟ್ ತಂದು ಮಡ್‌ಗಾರ್ಡ್ ಒಳಮೈ ಮೇಲೆ ತಾರೀಕು, 1,247, ಎಣ್ಣೆಯ ಹೆಸರು ಬರೆದ. ಮೇಸ್ತ್ರಿ ಬ್ರಷ್ ಕಿತ್ತುಕೊಂಡು ಅದರ ಕೆಳಗೆ ದಪ್ಪಕ್ಷರದಲ್ಲಿ ಸೇರಿಸಿದರು: "90 ಬ್ಯಾಡ."