ನಮ್ಮ ಮನೆಯ ಕಾಫಿ ಮೇಕರ್

ಗಣೇಶನ ಹಬ್ಬ ಕಳೆದ ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಓದುತ್ತಿದ್ದ ಪೇಪರು ಬಿಸುಟು ಓಡಿದೆ. ನನ್ನ ಹೆಂಡತಿ ಗೋಡೆ ಹಿಡಿದು ನಿಂತಿದ್ದಳು. ಕುದಿಯುವ ನೀರಿನ ಪಾತ್ರೆ ಇಕ್ಕಳದಿಂದ ಜಾರಿ ಅವಳ ಬಲಗಾಲಿನ ಮೇಲೆ ಬಿದ್ದಿತ್ತು.

ತಣ್ಣೀರು ಸುರಿದು, ಆಟೋ ಹಿಡಿದು ಡಾಕ್ಟರ ಬಳಿ ಹೋದೆವು. ಅವರು ಕಾಲಿಗೆ ಮದ್ದು ಹಚ್ಚಿ, ಆಮೇಲೆ ಕೈ ಹಿಡಿದು ನೋಡಿದರು. ಬೆರಳಿನ ಗಿಣ್ಣುಗಳೆಲ್ಲ ಊದಿಕೊಂಡಿದ್ದವು.

"ಎಷ್ಟು ದಿನದಿಂದ ಹೀಗಿದೆ, ಅಮ್ಮಾ?"

"ಎರಡು ವರ್ಷ ಆಯ್ತೇನೋ" ಎಂದಳು.

ಆ ಎರಡು ವರ್ಷವೂ ಅವಳ ಕೈಯಿಂದ ದಿನಕ್ಕೆ ಎರಡು ಲೋಟ ಕಾಫಿ ಇಸಿದುಕೊಂಡು ಕುಡಿದವನು ನಾನು. ನನಗೆ ಗೊತ್ತೇ ಇರಲಿಲ್ಲ.

ಕಾಲು ಮಾಯುವವರೆಗೆ ಇನ್‌ಸ್ಟಂಟ್ ಪುಡಿಯಲ್ಲಿ ಕಾಲ ಹಾಕಿದೆವು. ಬೆಂಗಳೂರಿನಿಂದ ಮಗ ದಿನಾ ಫೋನ್ ಮಾಡುತ್ತಿದ್ದ. "ಅಪ್ಪಾ, ಆ ಹಳೇ ಫಿಲ್ಟರ್ ಎತ್ತಿಡಿ. ಒಂದು ಕಾಫಿ ಮೇಕರ್ ತಗೊಳ್ಳಿ. ದುಡ್ಡು ನಾನು ಕೊಡ್ತೀನಿ."

ಆ ಹಳೇ ಫಿಲ್ಟರ್ ಅವಳ ತವರಿನದು. ಬಾಬಾಬುಡನ್ ಅವರು ಯೆಮೆನ್ನಿನಿಂದ ಏಳು ಕಾಫಿ ಬೀಜ ತಂದು ನೆಟ್ಟರೆಂದು ಜನ ಹೇಳುವ ಗಿರಿ ಇದೆಯಲ್ಲ, ಚಿಕ್ಕಮಗಳೂರಿನ ಆ ಗಿರಿಯ ಬುಡದ ಊರು ಅವಳದು. ಮದುವೆಯಾದಾಗ ಅವಳ ತಾಯಿ ಕೊಟ್ಟ ಹಿತ್ತಾಳೆ ಫಿಲ್ಟರ್ 44 ವರ್ಷದಿಂದ ನಮ್ಮ ಮೈಸೂರಿನ ಮನೆಯಲ್ಲಿ ದುಡಿಯುತ್ತಿದೆ. ಎಷ್ಟು ಸಲ ಕಲಾಯಿ ಹಾಕಿಸಿದ್ದೇವೋ ಲೆಕ್ಕವಿಲ್ಲ.

ದಸರಾ ರಜೆಗೆ ಮೊಮ್ಮಗಳು ಪುಟ್ಟಿ ಬಂದಳು. ಆರನೇ ಕ್ಲಾಸು. ಅವಳನ್ನು ಕರೆದುಕೊಂಡು, ದೇವರಾಜ ಮಾರುಕಟ್ಟೆಯ ಹತ್ತಿರ ಇರುವ ಒಂದು ದೊಡ್ಡ ಅಂಗಡಿಗೆ ಹೋದೆ. ಕಾಫಿ ಮಾಡಲು ಇಷ್ಟೊಂದು ಬಗೆಯ ಸಲಕರಣೆ ಇದೆಯೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ಮೊದಲನೆಯದು ಎಂಟು ಮೂಲೆಯ ಪುಟ್ಟ ಅಲ್ಯುಮಿನಿಯಂ ಹೂಜಿ. ಅದಕ್ಕೆ ಮೋಕಾ ಪಾಟ್ ಎನ್ನುತ್ತಾರೆ. ಇಟಲಿಯಲ್ಲಿ 1933ರಲ್ಲಿ ಹುಟ್ಟಿದ್ದು. ಕೆಳಗಿನ ಅರೆಯಲ್ಲಿ ನೀರು, ನಡುವೆ ಪುಡಿ. ಒಲೆಯ ಮೇಲಿಟ್ಟರೆ ಹಬೆಯ ಒತ್ತಡಕ್ಕೆ ನೀರು ಪುಡಿಯ ಮೂಲಕ ಮೇಲಕ್ಕೆ ಏರುತ್ತದೆ. ನಮ್ಮ ಫಿಲ್ಟರಿನಲ್ಲಿ ಇಳಿಯುವ ನೀರು ಇಲ್ಲಿ ಹತ್ತುತ್ತದೆ! ನಲವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು ನಾನು. ನನಗೆ ಅದು ಬಲು ಹಿಡಿಸಿತು. ಪುಟ್ಟಿ ಅದನ್ನು ತಿರುಗಿಸಿ ನೋಡಿದಳು. "ತಾತ, ಇದನ್ನ ಗಟ್ಟಿಯಾಗಿ ತಿರುಪಿ ಮುಚ್ಚಬೇಕು. ಅಜ್ಜಿ ಕೈಲಿ ಆಗತ್ತಾ?" ಎಂದಳು. ಕೆಳಗಿಟ್ಟೆ.

ಎರಡನೆಯದು ಗಾಜಿನ ಜಾಡಿಯ ಫ್ರೆಂಚ್ ಪ್ರೆಸ್. ಬಿಸಿನೀರು ಸುರಿದು ಮೇಲಿನಿಂದ ಒತ್ತಬೇಕು. ಅದಕ್ಕೂ ಕೈಬಲ ಬೇಕು. ಮೂರನೆಯದಕ್ಕೆ ಪುಡಿಯೇ ಬೇಡ. ಕಾಫಿ ತುಂಬಿದ ಗುಳಿಗೆಯಂಥ ಡಬ್ಬಿಯೊಂದನ್ನು ಒಳಗಿಟ್ಟು ಗುಂಡಿ ಒತ್ತಿದರಾಯಿತು. ಆದರೆ ಲೋಟಕ್ಕೊಂದು ಡಬ್ಬಿ ಕೊಳ್ಳಬೇಕು, ಕುಡಿದ ಮೇಲೆ ಎಸೆಯಬೇಕು.

ಕೊನೆಗೆ ಉಳಿದದ್ದು ವಿದ್ಯುತ್ ಯಂತ್ರ. ತಾನೇ ನೀರು ಕಾಯಿಸಿ, ಕಾಗದದ ಜರಡಿಯಲ್ಲಿ ಹಾಕಿದ ಪುಡಿಯ ಮೇಲೆ ಸುರಿಯುತ್ತದೆ. ಆ ಕಾಗದದ ಕಥೆಯನ್ನು ಪುಟ್ಟಿಗೆ ಹೇಳಿದೆ. 1908ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿಗೆ ಕಾಫಿ ಕುಡಿಯುವಾಗ ಬಾಯಿಗೆ ಚರಟ ಸಿಕ್ಕಿ ಬೇಸರವಾಗುತ್ತಿತ್ತು. ಹಿತ್ತಾಳೆ ಪಾತ್ರೆಯೊಂದಕ್ಕೆ ಮೊಳೆಯಿಂದ ತೂತು ಹೊಡೆದಳು. ಮಗನ ನೋಟ್‌ಬುಕ್ಕಿನಲ್ಲಿದ್ದ ಶಾಯಿ ಹೀರುವ ಕಾಗದ ಹರಿದು ಒಳಗಿಟ್ಟಳು. ಕಾಫಿ ತಿಳಿಯಾಗಿ ಇಳಿಯಿತು.

"ಪಾಪ, ಆ ಹುಡುಗನಿಗೆ ಸ್ಕೂಲಲ್ಲಿ ಬೈದಿರಬೇಕು" ಎಂದಳು ಪುಟ್ಟಿ.

ಬೆಲೆ ಕೇಳಿ ತುಸು ಯೋಚನೆಗೆ ಬಿದ್ದೆ. ನಮ್ಮ ಪಕ್ಕದ ಮನೆಯವರ ಅಟ್ಟದಲ್ಲಿ ಇಂಥದೇ ಒಂದು ಕೂತಿರುವುದು ನೆನಪಾಯಿತು. ಕೊಳ್ಳುವ ಮೊದಲು ನೋಡಿಬಿಡೋಣವೆಂದು ಕೇಳಿ ತಂದೆವು.

ಮಾರನೆಯ ಬೆಳಿಗ್ಗೆ ನಮ್ಮ ಎಂದಿನ ಪುಡಿಯನ್ನೇ ಹಾಕಿದೆ. 80 ಭಾಗ ಕಾಫಿ, 20 ಭಾಗ ಚಿಕೋರಿ. ಪುಡಿ ನುಣುಪು. ಅದು ಕಾಗದದ ಕಣ್ಣುಗಳನ್ನೆಲ್ಲ ಮುಚ್ಚಿಬಿಟ್ಟಿತು. ಯಂತ್ರಕ್ಕೇನು ಗೊತ್ತು? ನೀರು ಸುರಿಯುತ್ತಲೇ ಹೋಯಿತು. ಚರಟದ ಸಮೇತ ಅಡುಗೆ ಕಟ್ಟೆಯ ಮೇಲೆಲ್ಲ ಕಪ್ಪು ಹೊಳೆ! ಮರುದಿನ ತರಿಯಾಗಿ ಬೀಸಿದ ಪುಡಿ ತಂದು ಹಾಕಿದೆ. ಈ ಸಲ ಸರಾಗವಾಗಿ ಇಳಿಯಿತು, ಆದರೆ ಹಾಲು ಬೆರೆಸಿದ ಕೂಡಲೇ ಕಾಫಿ ಎಲ್ಲೋ ಕಾಣೆಯಾಯಿತು. ಯಂತ್ರದ ತಪ್ಪಲ್ಲ. ಅದು ಹಾಲಿಲ್ಲದೆ ಕುಡಿಯುವವರಿಗಾಗಿ ಮಾಡಿದ್ದು. ನಮ್ಮದು ಹೊತ್ತು ತೆಗೆದುಕೊಂಡು ಹನಿಹನಿಯಾಗಿ ಇಳಿಯುವ ಗಟ್ಟಿ ಡಿಕಾಕ್ಷನ್. ಅದಕ್ಕೇ ಅದು ಅಷ್ಟು ಹಾಲನ್ನೂ ತಡೆದುಕೊಳ್ಳುತ್ತದೆ.

ಹೆಂಡತಿ ಅರ್ಧ ಲೋಟ ಕುಡಿದು ಇಟ್ಟಳು. "ಚೆನ್ನಾಗಿದೆ" ಎಂದಳು. ಅವಳು ಹಾಗೆ ಅಂದರೆ ಚೆನ್ನಾಗಿಲ್ಲ ಎಂದರ್ಥ.

ಪುಟ್ಟಿ ಅಜ್ಜಿಯ ಪಕ್ಕ ಕೂತು ಕೇಳಿದಳು. "ಅಜ್ಜಿ, ನಿನಗೆ ಯಾವುದು ಬೇಕು?"

ನಾನಾಗಲಿ ಮಗನಾಗಲಿ ಆ ಪ್ರಶ್ನೆಯನ್ನು ಕೇಳಿಯೇ ಇರಲಿಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಯಾವುದೂ ಬೇಡ ಕಣೇ. ಇವತ್ತು ಕಾಫಿ ಮಾಡೋದು ಕೈ ಬಿಟ್ರೆ, ನಾಳೆ ಸಾರು ಬಿಡು ಅಂತೀರಿ, ನಾಡಿದ್ದು ಅಡುಗೆಮನೆಗೇ ಬರಬೇಡ ಅಂತೀರಿ. ಆಮೇಲೆ ನಾನು ಮಾಡೋದೇನು?" ಎಂದಳು. ದನಿ ನಡುಗಿತು. ನಾನು ಕಿಟಕಿಯ ಕಡೆ ನೋಡಿದೆ.

ಪುಟ್ಟಿ ಒಳಗೆ ಹೋಗಿ ನೋಟ್‌ಬುಕ್ ತಂದಳು. ಕಾಫಿ ಮಾಡುವ ಕೆಲಸಗಳನ್ನೆಲ್ಲ ಒಂದೊಂದಾಗಿ ಬರೆದಳು. ಪುಡಿ ಅಳೆಯುವುದು, ನೀರು ಕಾಯಿಸುವುದು, ಎತ್ತಿ ಸುರಿಯುವುದು, ಬಿಗಿದ ಫಿಲ್ಟರ್ ಬಿಡಿಸುವುದು, ಹಾಲು ಕಾಯಿಸುವುದು, ಬೆರೆಸುವುದು, ತೊಳೆಯುವುದು. ಪ್ರತಿಯೊಂದಕ್ಕೂ "ಅಜ್ಜಿ, ಇದು ಕಷ್ಟನಾ?" ಎಂದು ಕೇಳಿ ಗುರುತು ಹಾಕಿಕೊಂಡಳು. ಹಾಲನ್ನು ಸೌಟಿನಿಂದ ತೆಗೆಯುತ್ತೇನೆ, ತೊಂದರೆಯಿಲ್ಲ ಎಂದಳು ಅಜ್ಜಿ. ಏಳರಲ್ಲಿ ಕೆಂಪು ಗುರುತು ಬಿದ್ದದ್ದು ಎರಡಕ್ಕೇ. ಕುದಿಯುವ ನೀರು ಎತ್ತಿ ಸುರಿಯುವುದು, ಫಿಲ್ಟರ್ ಬಿಡಿಸುವುದು.

"ಈ ಎರಡನ್ನ ತಾತ ಮಾಡಲಿ" ಎಂದಳು ಪುಟ್ಟಿ, ತೀರ್ಪು ಕೊಟ್ಟವಳ ಹಾಗೆ.

ಪಕ್ಕದ ಮನೆಯ ಯಂತ್ರ ಅಟ್ಟಕ್ಕೆ ವಾಪಸಾಯಿತು. ಇಕ್ಕಳದ ಸಹವಾಸವೇ ಬೇಡವೆಂದು ಹಿಡಿಯಿರುವ ಒಂದು ಕರೆಂಟಿನ ಕೆಟಲ್ ತಂದೆವು. ನೀರು ಕುದಿದ ಕೂಡಲೇ ಅದು ತಾನಾಗಿ ಆರುತ್ತದೆ. ಹೇಗೆ ಎಂದು ಪುಟ್ಟಿ ಕೇಳಿದಳು. ಅದರೊಳಗೆ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ಸಣ್ಣ ಪಟ್ಟಿಯಿದೆ. ಹಬೆ ತಗುಲಿದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಪಟ್ಟಿ ಬಾಗುತ್ತದೆ, ಸ್ವಿಚ್ಚು ಆರುತ್ತದೆ.

ವಿಜ್ಞಾನ ಹೇಳುವುದು ಸುಲಭ, ಡಿಕಾಕ್ಷನ್ ಇಳಿಸುವುದು ಸುಲಭವಲ್ಲ. ಮೊದಲ ದಿನ ಪುಡಿ ಅಳೆಯುವುದೂ ನಾನೇ ಎಂದು ಉತ್ಸಾಹದಲ್ಲಿ ಹೊರಟೆ. ಪುಡಿ ಹಾಕಿ, ಹಿಡಿಯ ಬಿಲ್ಲೆಯಿಂದ ಶಕ್ತಿ ಬಿಟ್ಟು ಒತ್ತಿದೆ. ಅರ್ಧ ಗಂಟೆಯಾದರೂ ಕೆಳಗೆ ನಾಲ್ಕೇ ಹನಿ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಕ್ಕುಬಿಟ್ಟಳು. "ರೀ, ಗಾರೆ ಕೆಲಸ ಅಲ್ಲ ಅದು. ಮೆಲ್ಲಗೆ ಸಮ ಮಾಡಿ, ಸಾಕು." ಎಷ್ಟೋ ದಿನದ ಮೇಲೆ ಆ ನಗು ಕೇಳಿದ್ದೆ.

ಅಂದು ಸಂಜೆ ಮಗನ ಫೋನ್. "ಕಾಫಿ ಮೇಕರ್ ತಗೊಂಡ್ರಾ?"

ಪುಟ್ಟಿ ಫೋನ್ ಕಿತ್ತುಕೊಂಡಳು. "ತಗೊಳ್ಳೋ ಅವಶ್ಯಕತೆ ಬರ್ಲಿಲ್ಲ ಅಪ್ಪಾ. ಮನೇಲೇ ಒಬ್ರು ಖಾಲಿ ಕೂತಿದ್ರು!"

ರಜೆ ಮುಗಿದು ಪುಟ್ಟಿ ಊರಿಗೆ ಹೋದಳು. ನೋಟ್‌ಬುಕ್ಕಿನ ಆ ಹಾಳೆ ಅಡುಗೆಮನೆಯ ಗೋಡೆಯ ಮೇಲಿದೆ. ನಾನು ಐದೂವರೆಗೆ ಏಳುತ್ತೇನೆ. ಹೆಂಡತಿ ಅಳೆದಿಟ್ಟ ಪುಡಿಗೆ ನೀರು ಸುರಿಯುತ್ತೇನೆ, ಇಳಿದ ಮೇಲೆ ಫಿಲ್ಟರ್ ಬಿಡಿಸಿ ಕೊಡುತ್ತೇನೆ. ಹಾಲು, ಡಿಕಾಕ್ಷನ್, ಸಕ್ಕರೆ ಬೆರೆಸುವುದು ಅವಳ ಕೆಲಸ. ಅದಕ್ಕೆ ಮಾತ್ರ ಯಾರನ್ನೂ ಸೇರಿಸುವುದಿಲ್ಲ.

ನಿನ್ನೆ ಅವಳು ಲೋಟ ಕೆಳಗಿಟ್ಟಾಗ ಬಗ್ಗಿ ನೋಡಿದೆ. ತಳದಲ್ಲಿ ಒಂದು ತೊಟ್ಟೂ ಇರಲಿಲ್ಲ. "ಹೇಗಿತ್ತು?" ಎಂದೆ.

"ನಾಳೆ ನೀರು ಒಂಚೂರು ಕಮ್ಮಿ ಹಾಕಿ" ಎಂದಳು.

ಚೆನ್ನಾಗಿದೆ ಎನ್ನಲಿಲ್ಲ. ನನಗೆ ಅಷ್ಟೇ ಬೇಕಾಗಿತ್ತು.