ಟಿವಿ ಕೆಟ್ಟಿರಲಿಲ್ಲ

ಹೋದ ವರ್ಷ ಮಳೆಗಾಲದಲ್ಲಿ ನಾನೊಂದು ಸುದ್ದಿ ಬರೆದೆ. ಅದು ತಪ್ಪಾಗಿತ್ತು.

ನಮ್ಮ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿಯಲ್ಲಿ ಬೆಳೆ ಪರಿಹಾರದ ಬಗ್ಗೆ ವಿಡಿಯೊ ಕಾನ್ಫರೆನ್ಸ್ ಇತ್ತು. ಅಧಿಕಾರಿಗಳು ಜಿಲ್ಲಾ ಕೇಂದ್ರದಲ್ಲಿ, ರೈತರು ಇಲ್ಲಿ. ಸಭಾಭವನದಲ್ಲಿ ಒಂದು ದೊಡ್ಡ ಟಿವಿ, ಹೊರಗೆ ಪಡಸಾಲೆಯಲ್ಲಿ ಇನ್ನೊಂದು. ಹೊಲದ ಕೆಲಸ ಬಿಟ್ಟು ಬಂದವರು ಹನ್ನೊಂದರಿಂದ ಒಂದು ಗಂಟೆವರೆಗೆ ಕೂತರು. ಎರಡೂ ಟಿವಿಯಲ್ಲಿ ಕಪ್ಪು ಪರದೆ, ‘ನೋ ಸಿಗ್ನಲ್’ ಅನ್ನೋ ಬರಹ. ಕೊನೆಗೆ ಎದ್ದು ಹೋದರು. ನಾನು ಫೋಟೊ ಹೊಡೆದು ‘ಕೆಟ್ಟು ನಿಂತ ಟಿವಿ, ಸಿಬ್ಬಂದಿ ನಿರ್ಲಕ್ಷ್ಯ’ ಎಂದು ಕಳಿಸಿದೆ. ಮರುದಿನ ಜಿಲ್ಲಾ ಪುಟದಲ್ಲಿ ಬಂತು.

ನಾಲ್ಕನೇ ದಿನ ಅಲ್ಲಿನ ಡಾಟಾ ಎಂಟ್ರಿ ಆಪರೇಟರ್ ಫೋನ್ ಮಾಡಿದರು. “ಸರ್, ನಿಮ್ಮ ಪೇಪರ್ ನೋಡಿ ನನಗ ನೋಟಿಸ್ ಕೊಟ್ಟಾರ್ರೀ. ಟಿವಿ ಕೆಟ್ಟಿಲ್ಲ. ಒಮ್ಮೆ ಬಂದು ನೋಡ್ರಿ.”

ಅವತ್ತು ಅವರನ್ನು ನಾನು ಒಂದು ಮಾತೂ ಕೇಳಿರಲಿಲ್ಲ.

ನಮ್ಮೂರಿನ ಕೇಬಲ್ ಕೆಲಸದ ಹುಡುಗನನ್ನು ಬೈಕ್ ಹತ್ತಿಸಿಕೊಂಡು ಹೋದೆ. ಅವನು ಮೊದಲು ಮಾಡಿದ್ದು ರಿಮೋಟಿನ ಮೆನು ಬಟನ್ ಒತ್ತಿದ್ದು. ಪರದೆ ಮೇಲೆ ಮೆನು ಬಂತು. “ಪರದೆ ಚಲೋ ಐತಿ” ಅಂದ. ಲ್ಯಾಪ್‌ಟಾಪನ್ನು ಎಚ್‌ಡಿಎಂಐ ವೈರಿನಿಂದ ನೇರ ಟಿವಿಗೆ ಸಿಕ್ಕಿಸಿದ. ಚಿತ್ರ ಬಂತು. ಆಪರೇಟರ್ ಕೋಣೆಗೆ ಹೋಗಿ ನೋಡಿದರೆ ಕಂಪ್ಯೂಟರಿನಲ್ಲೂ ಚಿತ್ರ ಇತ್ತು. “ಈ ತುದಿ ಚಲೋ, ಆ ತುದಿ ಚಲೋ. ನಡುವ ಹುಡುಕೋಣ್ರಿ ಅಣ್ಣಾ.”

ನಡುವೆ ಏನಿದೆ? ಕಂಪ್ಯೂಟರ್ ಪಕ್ಕದ ಒಂದು ಡಬ್ಬಿ ಚಿತ್ರವನ್ನು ನೆಟ್‌ವರ್ಕ್ ಕೇಬಲ್ಲಿಗೆ ಹಾಕುತ್ತದೆ. ಕೇಬಲ್ ‘ಸ್ವಿಚ್’ ಎನ್ನುವ ಪೆಟ್ಟಿಗೆಗೆ ಹೋಗುತ್ತದೆ. ಇದು ದೀಪದ ಸ್ವಿಚ್ ಅಲ್ಲ, ಒಂದು ಕಡೆಯಿಂದ ಬಂದ ಡಾಟಾವನ್ನು ಹಲವು ಕೇಬಲ್ಲುಗಳಿಗೆ ಹಂಚುವ ಪೆಟ್ಟಿಗೆ. ಅಲ್ಲಿಂದ ಪ್ರತಿ ಟಿವಿಯ ಹಿಂದಿರುವ ಚಿಕ್ಕ ಡಬ್ಬಿಗೆ ಹೋಗಿ ಅದು ಮತ್ತೆ ಚಿತ್ರವಾಗುತ್ತದೆ.

ಟಿವಿ ಹಿಂದಿನ ಎರಡೂ ಡಬ್ಬಿಗಳಲ್ಲಿ ದೀಪವೇ ಉರಿಯುತ್ತಿರಲಿಲ್ಲ. ಅಡಾಪ್ಟರ್ ಎಲ್ಲಿ ಅಂದರೆ, “ಮೊದಲಿಂದನೂ ಇಲ್ರೀ” ಅಂದರು ಆಪರೇಟರ್. ಹುಡುಗನಿಗೆ ಅಷ್ಟು ಸಾಕಾಯಿತು. ಆ ಡಬ್ಬಿಗಳಿಗೆ ಕರೆಂಟ್ ಬರೋದೂ ಅದೇ ನೆಟ್‌ವರ್ಕ್ ಕೇಬಲ್ಲಿನಲ್ಲೇ, ಸ್ವಿಚ್ಚಿನಿಂದ. ಇದಕ್ಕೆ ‘ಪವರ್ ಓವರ್ ಈಥರ್ನೆಟ್’, ಚಿಕ್ಕದಾಗಿ ಪಿಒಇ ಅನ್ನುತ್ತಾರೆ. ಹಿಂದಿನ ತಿಂಗಳು ಸಿಡಿಲಿಗೆ ಹಳೇ ಸ್ವಿಚ್ ಸುಟ್ಟಿತ್ತು. ಸಾಮಾನು ಪೂರೈಸುವವರು ಅದರ ಜಾಗದಲ್ಲಿ ಸಾದಾ ಸ್ವಿಚ್ ಕೂರಿಸಿ ಹೋಗಿದ್ದರು. ಅದು ಡಾಟಾ ಸಾಗಿಸುತ್ತದೆ, ಕರೆಂಟ್ ಕೊಡುವುದಿಲ್ಲ.

ಆಪರೇಟರ್ ಒಂದು ಕಾಗದ ತೋರಿಸಿದರು. ಸ್ವಿಚ್ ಬದಲಾದ ಮರುದಿನವೇ ‘ಟಿವಿ ಬರುತ್ತಿಲ್ಲ’ ಎಂದು ಮೇಲಿನವರಿಗೆ ಬರೆದ ಪತ್ರ, ಸ್ವೀಕೃತಿ ಮೊಹರಿನ ಸಮೇತ. ನನ್ನ ಸುದ್ದಿಗಿಂತ ಒಂಬತ್ತು ದಿನ ಮುಂಚಿನದು.

ನಿಮ್ಮೂರ ಶಾಲೆ, ಪಂಚಾಯ್ತಿಯಲ್ಲಿ ಹೀಗಾದರೆ ಮೊದಲು ಮೆನು ಒತ್ತಿ. ಇನ್‌ಪುಟ್ ಎಚ್‌ಡಿಎಂಐ 1 ಇದೆಯೋ 2 ಇದೆಯೋ ನೋಡಿ. ಲ್ಯಾಪ್‌ಟಾಪ್ ನೇರ ಸಿಕ್ಕಿಸಿ ನೋಡಿ. ಡಬ್ಬಿಗಳ ದೀಪ ನೋಡಿ. ಒಂದೇ ಟಿವಿ ಹೋಗಿದ್ದರೆ ಅದರ ಕೇಬಲ್, ಡಬ್ಬಿ ಹುಡುಕಿ. ಎಲ್ಲವೂ ಒಟ್ಟಿಗೆ ಹೋಗಿದ್ದರೆ ಎಲ್ಲಕ್ಕೂ ಸೇರಿದ ಜಾಗ, ಅಂದರೆ ಸ್ವಿಚ್ ಅಥವಾ ಕಳಿಸುವ ಡಬ್ಬಿ, ಅಲ್ಲಿ ಹುಡುಕಿ. ನೆಟ್‌ವರ್ಕ್ ಕೇಬಲ್ 100 ಮೀಟರ್ ದಾಟಿದರೂ ತೊಂದರೆ ಬರಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಎರಡನೇ ಸುದ್ದಿಯನ್ನು ಪತ್ರದ ಫೋಟೊ ಸಮೇತ ಕಳಿಸಿದೆ. ಒಳಪುಟದಲ್ಲಿ ನಾಲ್ಕು ಸಾಲು ಬಂತು, ಫೋಟೊ ಬರಲಿಲ್ಲ. ವಾರದಲ್ಲಿ ಸರಿಯಾದ ಸ್ವಿಚ್ ಬಂದು ಎರಡೂ ಟಿವಿ ಹತ್ತಿದವು. ಆದರೆ ಆ ರೈತರಿಗಾಗಿ ಸಭೆ ಮತ್ತೆ ನಡೆಯಲಿಲ್ಲ.

ನೋಟಿಸ್ ಏನಾಯ್ತು ಅಂತ ಮೊನ್ನೆ ಕೇಳಿದೆ. “ಬಾಯಿಮಾತಿನಾಗ ಬಿಟ್ಟೇವಿ ಅಂದಾರ್ರೀ. ಬರದು ಕೊಟ್ಟಿಲ್ಲ” ಅಂದರು. ಬರೆದು ಕೊಡುವವರೆಗೆ ನಾನು ಆ ಕಚೇರಿಗೆ ಹೋಗುತ್ತಿರುತ್ತೇನೆ.