ಕ್ಲಚ್ ಒತ್ತುವವರು

ಪುತ್ಲಿಬೌಲಿಯ ಮೇಸ್ತ್ರಿ ಹಳೇ ಕಾರು ನೋಡಲು ಹೋಗುವಾಗ ಮೂರೇ ಸಾಮಾನು ಒಯ್ಯುತ್ತಾರೆ. ಹಾಳಾದ ಸ್ಪೀಕರಿನಿಂದ ಬಿಚ್ಚಿ ಬಟ್ಟೆ ಸುತ್ತಿದ ಅಯಸ್ಕಾಂತ, ಮೊಳ ಉದ್ದದ ಸ್ಕ್ರೂಡ್ರೈವರ್, ಮತ್ತು ಟಾರ್ಚು. ನಾಲ್ಕನೆಯದು ಒಂದಿದೆ, ಅದನ್ನು ಅವರು ಗಿರಾಕಿಯಿಂದಲೇ ಕೇಳುತ್ತಾರೆ: ಕ್ಲಚ್ ಒತ್ತಲು ಒಬ್ಬ ಮನುಷ್ಯ. 'ಏಕ್ ಆದ್ಮಿ ಹೋನಾ ಸಾಬ್, ಪಾಂವ್ ಮಜಬೂತ್ ಹೋನಾ.' ಕಾಲು ಗಟ್ಟಿ ಇರಬೇಕು. ಅಂದು ಮಾರೇಡ್‌ಪಲ್ಲಿಯ ಆ ಕಾಂಪೌಂಡಿನಲ್ಲಿ ಗಟ್ಟಿ ಕಾಲಿನವರು ಯಾರೂ ಇರಲಿಲ್ಲ.

ಕೊಳ್ಳಲು ಹೊರಟವರಿಗೆ ಅರವತ್ತೊಂದು. ಸಿಕಂದರಾಬಾದಿನ ರೈಲ್ವೆ ಕಚೇರಿಯಲ್ಲಿ ಮೂವತ್ತೈದು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಮೂಲ ರಾಯಚೂರು. ಅವರ ತಂದೆ ಅಲ್ಲಿ ಒಬ್ಬ ಡಾಕ್ಟರರ ಬಳಿ ಡ್ರೈವರ್ ಆಗಿದ್ದರು, ಓಡಿಸುತ್ತಿದ್ದುದು ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಭಾನುವಾರ ಬಾನೆಟ್ ತೆಗೆದಾಗ ಹುಡುಗ ಮುಂದಿನ ಟೈರಿನ ಮೇಲೆ ಕೂತು ಎಂಜಿನ್ ನೋಡುತ್ತಿದ್ದ. ಬೇರೆ ಕಾರಿನಲ್ಲಿ ಹಾಗೆ ಕೂರಲು ಬರುವುದಿಲ್ಲ. ಹೆರಾಲ್ಡಿನಲ್ಲಿ ಮೂತಿ, ಮಡ್‌ಗಾರ್ಡು, ಬಾನೆಟ್ಟು ಎಲ್ಲ ಒಂದೇ ತುಂಡಾಗಿ ಮೊಸಳೆ ಬಾಯಿಯಂತೆ ಮುಂದಕ್ಕೆ ತೆರೆದುಕೊಳ್ಳುತ್ತದೆ. ಗ್ರಾಚ್ಯುಟಿ ಹಣ ಬಂದ ಮೇಲೆ ಅದರಲ್ಲಿ ಮೂರೂವರೆ ಲಕ್ಷವನ್ನು ಅವರು ಬೇರೆ ಇಟ್ಟರು. ಹೆಂಡತಿಯ ಎಡ ಮಂಡಿ ಸವೆದಿತ್ತು, ಬದಲಿಸಬೇಕೆಂದು ವೈದ್ಯರು ಹೇಳಿ ಎರಡು ವರ್ಷವಾಗಿತ್ತು. 'ಈ ವರ್ಷ ನಡಿತೈತಿ ಬಿಡ್ರಿ, ನಿಮ್ಮ ಗಾಡಿ ಮೊದಲ ಆಗ್ಲಿ' ಎಂದಿದ್ದವರು ಆಕೆಯೇ.

ಕ್ಲಾಸಿಕ್ ಸ್ಪೋರ್ಟ್ಸ್ ಕಾರು ಎಂದ ಕೂಡಲೇ ನೆನಪಾಗುವ ಎಂಜಿ, ಜಾಗ್ವಾರ್‌ಗಳು ನಮ್ಮ ದೇಶದಲ್ಲಿ ಬಹುಪಾಲು ಸಿರಿವಂತರ ಗ್ಯಾರೇಜುಗಳಲ್ಲೇ ಉಳಿದವು. ಮಧ್ಯಮ ವರ್ಗದ ಕೈಗೆ ಸಿಕ್ಕಿದ್ದು ಅವುಗಳ ಬಡ ದಾಯಾದಿ. ಇಟಲಿಯ ಜಿಯೋವಾನಿ ಮಿಕೆಲೊಟ್ಟಿ ರೂಪಿಸಿದ ಟ್ರಯಂಫ್ ಹೆರಾಲ್ಡ್ ಇಂಗ್ಲೆಂಡಿನಲ್ಲಿ 1959ರಲ್ಲಿ ಬಂತು. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಅದನ್ನು ಇಲ್ಲಿ ತಯಾರಿಸಿತು. ಅದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ, ಮೇಲೆ ಎರಡು ಸೀಟಿನ ತೆರೆದ ಮೈ ಕೂರಿಸಿ 1962ರಲ್ಲಿ ಇಂಗ್ಲೆಂಡಿನವರು ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಮಾಡಿದರು. ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ ರೇಸು ನಡೆಯುತ್ತಿದ್ದಾಗ ಹೆರಾಲ್ಡುಗಳೂ ಓಡಿದವು. ಹಾಗಾಗಿ ಹೈದರಾಬಾದಿನಲ್ಲಿ ಇವತ್ತು ಯಾರಾದರೂ 'ಸ್ಪೋರ್ಟ್ಸ್ ಗಾಡಿ ಇದೆ' ಎಂದು ಹೆರಾಲ್ಡ್ ತೋರಿಸಿದರೆ ಅದು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಅವರು ನೋಡಿದ ಮೊದಲ ಗಾಡಿ ಜ್ಯೂಬಿಲಿ ಹಿಲ್ಸ್‌ನಲ್ಲಿತ್ತು. ಕೆಂಪು ಬಣ್ಣ, ಕನ್ನಡಿಯಂಥ ಪಾಲಿಶು, ಮೇಲೆ ಚಾವಣಿ ಇಲ್ಲ. 'ಒರಿಜಿನಲ್ ಕನ್ವರ್ಟಿಬಲ್' ಎಂದರು ಮಾರುವವರು. ಮೇಸ್ತ್ರಿ ಮಾತಾಡದೆ ಮುಂದಿನ ಗಾಜಿನ ಚೌಕಟ್ಟಿನ ಅಂಚನ್ನೂ ಹಿಂಬದಿಯ ಮೈಯನ್ನೂ ಬೆರಳಲ್ಲಿ ಸವರಿ ನೋಡಿದರು. ಹೆರಾಲ್ಡಿನ ಚಾವಣಿ ಬೋಲ್ಟಿನ ಮೇಲೆ ನಿಂತಿರುತ್ತದೆ. ಬಿಚ್ಚಿದರೆ ಅರ್ಧ ದಿನದಲ್ಲಿ ಯಾವ ಹೆರಾಲ್ಡೂ ತೆರೆದ ಕಾರಾಗುತ್ತದೆ. ಹಾಗೆ ಮಾಡಿದ್ದು ಪಾಪವಲ್ಲ, ಮಾಡಿದ್ದನ್ನು ಮುಚ್ಚಿಟ್ಟು ಒರಿಜಿನಲ್ಲಿನ ಬೆಲೆ ಕೇಳುವುದು ಮಾತ್ರ ತಪ್ಪು. ಬೋಲ್ಟಿನ ತೂತುಗಳನ್ನು ಪುಟ್ಟಿ ತುಂಬಿ ಮುಚ್ಚಲಾಗಿತ್ತು. ಅಯಸ್ಕಾಂತ ಬಾಗಿಲಿನ ಮೇಲರ್ಧದಲ್ಲಿ ಗಟ್ಟಿಯಾಗಿ ಅಂಟಿತು, ಕೆಳಗಿನ ಒಂದು ಗೇಣು ಜಾಗದಲ್ಲಿ ಜಾರಿ ಬಿತ್ತು. ಅಲ್ಲಿ ತಗಡೇ ಇರಲಿಲ್ಲ, ಬಣ್ಣ ಹಚ್ಚಿದ ಪುಟ್ಟಿ ಇತ್ತು.

ಅಷ್ಟಾದರೂ ಅವರ ಮನಸ್ಸು ಆ ಗಾಡಿಯಿಂದ ಹಿಂದೆ ಸರಿಯಲಿಲ್ಲ. ಸರಿಸಿದ್ದು ಕಾಗದ. ಆರ್‌ಸಿಯಲ್ಲಿದ್ದ ಎಂಜಿನ್ ನಂಬರೇ ಬೇರೆ, ಬ್ಲಾಕಿನ ಮೇಲಿದ್ದುದೇ ಬೇರೆ. ಒಳಗೆ ಕೂತಿದ್ದುದು ಇನ್ಯಾವುದೋ ಕಾರಿನ ಎಂಜಿನ್. ಬದಲಾವಣೆಯನ್ನು ಆರ್‌ಸಿಯಲ್ಲಿ ಬರೆಸಿರಲಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಇಪ್ಪತ್ತು ಸಾವಿರ ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ನಂಬರಿನ ನಡುವೆ 'ವಿಎ' ಅಕ್ಷರ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಅಲ್ಲದೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಎಂಜಿನ್ ಬದಲಾದ, ಚಾವಣಿ ಕಳೆದ ಕೆಂಪು ಹೆರಾಲ್ಡಿಗೆ ಆ ದಾರಿ ಕಠಿಣ. ಇನ್ನು ಅದರ ನೋಂದಾಯಿತ ಮಾಲೀಕರು ತೀರಿಕೊಂಡು ಬಹಳ ವರ್ಷವಾಗಿತ್ತು, ವಾರಸುದಾರರ ಹೆಸರಿಗೆ ವರ್ಗವಾಗಿರಲೇ ಇಲ್ಲ. ಫಾರಂ 31 ತುಂಬಿ ವಾರಸುದಾರರ ಹೆಸರಿಗೆ ಮಾಡಿಸದೆ, ಮುಂದಿನ ಫಾರಂ 29, 30ಕ್ಕೆ ಬೆಲೆಯಿಲ್ಲ. 'ತಗಡು ಸತ್ತರೆ ಹೊಸ ತಗಡು ಹಾಕಬಹುದು, ಕಾಗದ ಸತ್ತರೆ ಗಾಡಿಯೇ ಸತ್ತ ಹಾಗೆ' ಎಂದರು ಮೇಸ್ತ್ರಿ ತಮ್ಮ ದಖ್ಖನಿಯಲ್ಲಿ. ಹಿಂದಿರುಗುವಾಗ ಆಟೋದಲ್ಲಿ ಅವರಿಬ್ಬರೂ ಹೆಚ್ಚು ಮಾತಾಡಲಿಲ್ಲ.

ಎರಡನೆಯದು ಮಾರೇಡ್‌ಪಲ್ಲಿಯ ಹಳೇ ಮನೆಯೊಂದರ ಬೇವಿನ ಮರದ ಕೆಳಗೆ ನಿಂತಿತ್ತು. 1966ರ ಮಾಡೆಲ್, ಎರಡು ಬಾಗಿಲು, ಬಿಸಿಲಿಗೆ ಮಂಕಾದ ತಿಳಿನೀಲಿ. ಮೈಸೂರು ರಾಜ್ಯದ ಕಾಲದ 'ಎಂವೈ' ಅಕ್ಷರಗಳಿಂದ ಶುರುವಾಗುವ ನಂಬರು. ಅದನ್ನು ಓದಿದ ಕೂಡಲೇ ರಾಯಚೂರಿನವರು ಬಾಗಿ ಪ್ಲೇಟು ಒರೆಸಿದರು. ತಂದೆ ಓಡಿಸಿದ ಗಾಡಿ ಇದಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ಒರೆಸಿದರು. ಕಾಗದ ಚೊಕ್ಕಟವಾಗಿತ್ತು: ಕರ್ನಾಟಕದಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿಯ ತೆರಿಗೆ ಕಟ್ಟಿ, ಮಾಲೀಕರು ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟಿದ್ದರು. ಎಂಜಿನ್, ಚಾಸಿ ಎರಡರ ನಂಬರೂ ತಾಳೆಯಾದವು.

ಮೇಸ್ತ್ರಿಯ ಮೊದಲ ಕೆಲಸ ಬಾನೆಟ್ಟಿನ ಮೇಲೆ ಅಂಗೈ ಇಡುವುದು. ತಣ್ಣಗಿರಬೇಕು. ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟ ಗಾಡಿ ಏನನ್ನೋ ಮುಚ್ಚಿಡುತ್ತಿರುತ್ತದೆ. ತಣ್ಣನೆಯ ಎಂಜಿನ್ ಹೊತ್ತಿಕೊಂಡ ಮೊದಲ ಕ್ಷಣದಲ್ಲಿ ಕೆಳಗಿನಿಂದ ಬರುವ ಗಡಗಡ ಸದ್ದು ಬೇರಿಂಗುಗಳ ಆಯುಷ್ಯ ಹೇಳುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಓಡಲು ಬಿಟ್ಟು ಆಮೇಲೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ ಎಂದು ಅರ್ಥ.

ಎರಡನೆಯದು ಬಾಗಿಲ ಸಂದು. ಹೆರಾಲ್ಡಿನ ಮೈ ಒಂದೇ ಅಚ್ಚಲ್ಲ, ಮುಂದಿನ ಭಾಗ ಮತ್ತು ಹಿಂದಿನ ಭಾಗ ಬೇರೆ ಬೇರೆಯಾಗಿ ಚಾಸಿಯ ಮೇಲೆ ಬೋಲ್ಟಿನಿಂದ ಕೂತಿರುತ್ತವೆ. ಚಾಸಿ ಬಾಗಿದ್ದರೆ ಅದು ಮೊದಲು ಗೊತ್ತಾಗುವುದು ಬಾಗಿಲಲ್ಲಿ: ಸಂದು ಮೇಲೆ ಕಿರಿದು, ಕೆಳಗೆ ಅಗಲ. ಮೇಸ್ತ್ರಿ ಜಾಕ್ ಹಾಕಿ ಒಂದು ಬದಿ ಎತ್ತಿ, ಬಾಗಿಲು ತೆಗೆದು ಹಾಕಿ ನೋಡಿದರು. ಮುಚ್ಚಿತು. ಆಮೇಲೆ ನೆಲದ ಮೇಲೆ ಗೋಣಿ ಹಾಸಿ ಮಲಗಿ, ಚಾಸಿಯಿಂದ ಪಕ್ಕಕ್ಕೆ ಚಾಚಿದ ತೋಳುಗಳನ್ನು ಸ್ಕ್ರೂಡ್ರೈವರಿನಿಂದ ತಿವಿಯುತ್ತ ಹೋದರು. ಮೂರು ಕಡೆ ಟಣ್ ಎಂದಿತು. ನಾಲ್ಕನೆಯ ಕಡೆ ಸದ್ದಿಲ್ಲದೆ ಒಳಗೆ ಹೋಯಿತು. ಹೈದರಾಬಾದಿನ ಒಣ ಹವೆ ಮುಂಬೈ, ಮಂಗಳೂರಿನಷ್ಟು ತಗಡನ್ನು ತಿನ್ನುವುದಿಲ್ಲ. ಆದರೆ ಮರದ ಕೆಳಗೆ ನಿಂತ ಗಾಡಿಯ ಮೇಲೆ ಎಲೆ ಬಿದ್ದು, ಕೊಳೆತು, ತೇವ ಹಿಡಿಯುತ್ತದೆ. ಸೀಟಿನ ಕೆಳಗಿನ ಮ್ಯಾಟನ್ನೂ ಎತ್ತಿ ನೋಡಿದರು. 2020ರ ಅಕ್ಟೋಬರಿನ ಮಳೆಯಲ್ಲಿ ಈ ನಗರದ ಎಷ್ಟೋ ಗಾಡಿಗಳು ನೀರಲ್ಲಿ ನಿಂತವು. ಒಣಗಿದ ಮೆತ್ತನೆಯ ಮಣ್ಣಿನ ಗೆರೆ ಸಿಕ್ಕರೆ ಅದೇ ಸಾಕ್ಷಿ. ಇಲ್ಲಿ ಸಿಗಲಿಲ್ಲ.

ಮೂರನೆಯದನ್ನು ಹೆರಾಲ್ಡು, ಸ್ಪಿಟ್‌ಫೈರ್ ಬಲ್ಲವರು ಬಿಟ್ಟರೆ ಬೇರೆಯವರು ನೋಡುವುದಿಲ್ಲ. ಮುಂದಿನ ಚಕ್ರ ಹಿಡಿದಿರುವ ನೆಟ್ಟಗಿನ ಉಕ್ಕಿನ ಕಂಬದ ಬುಡ ಒಂದು ಕಂಚಿನ ತುಂಡಿನೊಳಗೆ ಸ್ಕ್ರೂನಂತೆ ತಿರುಗುತ್ತದೆ. ಟ್ರನಿಯನ್ ಎನ್ನುತ್ತಾರೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಅದು ತಿರುಗಬೇಕು. ಈ ಕಾರು ಇಪ್ಪತ್ತೈದು ಅಡಿಯ ವೃತ್ತದಲ್ಲಿ ತಿರುಗಿಬಿಡುತ್ತದೆಂಬ ಹೆಸರು ಇದ್ದದ್ದರಿಂದ ಅದಕ್ಕೆ ಕೆಲಸ ಜಾಸ್ತಿ. ಅದಕ್ಕೆ ಹಾಕಬೇಕಾದದ್ದು ಗೇರ್ ಎಣ್ಣೆ. ನಮ್ಮ ಸರ್ವಿಸ್ ಸ್ಟೇಷನ್ನುಗಳಲ್ಲಿ ಹುಡುಗರು ಎಲ್ಲದಕ್ಕೂ ಗ್ರೀಸ್ ಹೊಡೆದರು. ಗ್ರೀಸ್ ಗಟ್ಟಿಯಾಗುತ್ತದೆ, ಸಂದಿಯಲ್ಲಿ ನೀರು ಸೇರುತ್ತದೆ, ಒಳಗೆ ಕಾಣದಂತೆ ಉಕ್ಕು ತುಕ್ಕು ಹಿಡಿಯುತ್ತದೆ. ಒಂದು ದಿನ ನಿಧಾನವಾಗಿ ಗೇಟಿನೊಳಗೆ ತಿರುಗಿಸುವಾಗ ಕಂಬ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಅದು ವೇಗದಲ್ಲಿರುವಾಗ ಆಗದಿದ್ದರೆ ಪುಣ್ಯ. ಮೇಸ್ತ್ರಿ ಒರೆಸಿದ ಬೆರಳನ್ನು ಮೂಸಿದರು. 'ತೇಲ್ ಹೈ' ಎಂದರು. ಈ ಮಾಲೀಕರು ಗಾಡಿಯನ್ನು ಬಲ್ಲವರು.

ಪೆಟ್ರೋಲ್ ಪೈಪುಗಳು ಮಾತ್ರ ಹಳೆಯವು. ಈಗ ಬಂಕುಗಳಲ್ಲಿ ಬರುತ್ತಿರುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಅರವತ್ತರ ದಶಕದ ರಬ್ಬರಿಗೆ ಅದು ಒಗ್ಗುವುದಿಲ್ಲ, ಉಬ್ಬಿ ಬಿರಿಯುತ್ತದೆ. ಪೈಪು, ಡಯಾಫ್ರಾಂ, ಸೀಲು ಎಲ್ಲ ಬದಲಿಸಬೇಕು. ಅದು ದೊಡ್ಡ ಖರ್ಚಲ್ಲ, ಆದರೆ ಬಿಟ್ಟರೆ ಬೆಂಕಿಯ ವಿಷಯ.

ಕೊನೆಗೆ ಉಳಿದದ್ದು ಕ್ಲಚ್. ಎಂಜಿನ್ನಿನ ಕ್ರ್ಯಾಂಕ್ ಮುಂದೆ ಹಿಂದೆ ಸರಿಯದಂತೆ ತಡೆಯುವ ಎರಡು ಅರ್ಧಚಂದ್ರದ ಬಿಲ್ಲೆಗಳು ಒಳಗಿವೆ. ಅವು ಸವೆದರೆ ಕ್ಲಚ್ ಒತ್ತಿದಾಗಲೆಲ್ಲ ಇಡೀ ಕ್ರ್ಯಾಂಕ್ ಮುಂದಕ್ಕೆ ಜರುಗುತ್ತದೆ. ಪೂರ್ತಿ ಸವೆದು ಉದುರಿದರೆ ಉಕ್ಕು ನೇರವಾಗಿ ಬ್ಲಾಕನ್ನೇ ಉಜ್ಜುತ್ತದೆ, ಬ್ಲಾಕು ಹೋಯಿತೆಂದರೆ ಎಂಜಿನ್ ಹೋಯಿತು. ಹೋದ ಬ್ಲಾಕಿನ ಜಾಗಕ್ಕೆ ಅದೇ ನಂಬರಿನದು ಸಿಗುವುದಿಲ್ಲವಲ್ಲ, ಆಗ ಕಾಗದದ ಕಥೆಯೂ ಮುಗಿದಂತೆ. ಪರೀಕ್ಷೆ ಸುಲಭ: ಎಂಜಿನ್ ಬಂದ್ ಮಾಡಿ ಒಬ್ಬರು ಕ್ಲಚ್ ಒತ್ತಿ ಬಿಡುತ್ತಿರಬೇಕು, ಇನ್ನೊಬ್ಬರು ಮುಂದಿನ ಪುಲಿಯನ್ನು ನೋಡಬೇಕು. ಸರಿಯಾದ ಎಂಜಿನ್ನಿನಲ್ಲಿ ಅದರ ಆಟ ಕಣ್ಣಿಗೆ ಕಾಣದಷ್ಟು ಸಣ್ಣದು. ಕಂಡರೆ ಹೆಚ್ಚಾಯಿತು ಎಂದೇ ಲೆಕ್ಕ.

ಮಾಲೀಕರಿಗೆ ಎಂಬತ್ತು ದಾಟಿತ್ತು. ಮೇಸ್ತ್ರಿ ಟಾರ್ಚು ಹಿಡಿದಿದ್ದರು. ಕೊಳ್ಳುವವರು ಪುಲಿಯನ್ನು ತಮ್ಮ ಕಣ್ಣಾರೆ ನೋಡಲೇಬೇಕೆಂದು ಬಾಗಿ ನಿಂತಿದ್ದರು, ಬಾಲ್ಯದಲ್ಲಿ ಕೂತಂತೆ ಟೈರಿನ ಮೇಲೆ ಒಂದು ಕೈ ಊರಿ. ಉಳಿದವರು ಹೆಂಡತಿ. 'ನಾ ಒತ್ತತೀನಿ ತಗೋರಿ' ಎಂದು ಆಕೆ ಬಾಗಿಲು ಹಿಡಿದು, ಮೊದಲು ಹಿಂಬದಿ ಊರಿ, ಆಮೇಲೆ ಕಾಲುಗಳನ್ನು ಒಂದೊಂದಾಗಿ ಒಳಗೆಳೆದುಕೊಂಡು ಕೂತರು.

'ಒತ್ತಿ.' ಆಕೆ ಒತ್ತಿದರು. 'ಬಿಡಿ.' ಬಿಟ್ಟರು. 'ಇನ್ನೊಮ್ಮೆ.' ನಾಲ್ಕನೆಯ ಸಲ ಪೆಡಲು ಅರ್ಧಕ್ಕೇ ನಿಂತಿತು. 'ಪೂರಾ ದಬಾವ್ ಅಮ್ಮಾ' ಎಂದರು ಮೇಸ್ತ್ರಿ. ತೆರೆದ ಬಾನೆಟ್ಟಿನ ಪಕ್ಕದಿಂದ ಅವರು ತಲೆ ಎತ್ತಿದರು. ಗಾಜಿನ ಆಚೆ ಆಕೆ ಎರಡೂ ಕೈಯಿಂದ ಎಡ ತೊಡೆಯನ್ನು ಮೇಲಿನಿಂದ ಅದುಮಿ ಪೆಡಲು ಕೆಳಗಿಳಿಸುತ್ತಿದ್ದರು. ತುಟಿ ಕಚ್ಚಿದ್ದರು. ಅವರನ್ನು ನೋಡುತ್ತಿರಲಿಲ್ಲ.

ಪುಲಿ ಸರಿಯಿತೋ ಇಲ್ಲವೋ ಅವರು ನೋಡಲಿಲ್ಲ. ನೋಡಿದ್ದು ಮೇಸ್ತ್ರಿ. ಇಲ್ಲ, ಸರಿಯಲಿಲ್ಲ, ಎಂಜಿನ್ ಗಟ್ಟಿ ಇದೆ, ಒಂದು ತೋಳು ಮಾತ್ರ ಬೆಸುಗೆ ಹಾಕಿಸಬೇಕು, ಬೆಲೆಯಲ್ಲಿ ಅಷ್ಟು ಇಳಿಸಿ ಎಂದು ಮಾಲೀಕರಿಗೆ ಹೇಳಿದರು. ಮಾಲೀಕರು ಒಪ್ಪಿದರು. ಅಂಥ ಗಾಡಿ, ಅಂಥ ಕಾಗದ, ಅಂಥ ಬೆಲೆ ಮತ್ತೆ ಸಿಗುವುದು ಕಷ್ಟ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವರು ಬಾಗಿಲ ಬಳಿ ಹೋಗಿ ಹೆಂಡತಿಗೆ ಕೈ ಕೊಟ್ಟು ಎಬ್ಬಿಸಿದರು. ಎಬ್ಬಿಸಲು ಎರಡು ಸಲ ಬೇಕಾಯಿತು. 'ಒಂದು ವಾರ ಟೈಮ್ ಕೊಡ್ರಿ' ಎಂದು ಮಾಲೀಕರಿಗೆ ಹೇಳಿದರು. ಆ ವಾರದಲ್ಲಿ ಅವರು ಆಸ್ಪತ್ರೆಗೆ ಮುಂಗಡ ಕಟ್ಟಿದರು. ಆಕೆ ಎರಡು ದಿನ ಜಗಳವಾಡಿದರು. ನಿಮಗೆ ಕೊಡಬಾರದ ಋಣ ಹೊರಿಸಾಕತ್ತೀರಿ ಎಂದರು. ಅವರು ಉತ್ತರ ಕೊಡಲಿಲ್ಲ.

ಹೆರಾಲ್ಡನ್ನು ಆಮೇಲೆ ವಾರಂಗಲ್ಲಿನ ಯಾರೋ ಕೊಂಡರು. ಅದಕ್ಕೆ ಅವರು ದುಃಖಪಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಾಡಿ ಹೋಗುವ ದಿನ ಮಾರೇಡ್‌ಪಲ್ಲಿಗೆ ಹೋಗಿ, ಟ್ರನಿಯನ್ನಿಗೆ ಗ್ರೀಸ್ ಹಾಕಬೇಡಿ ಎಂದು ಹೊಸಬರಿಗೆ ಎರಡು ಸಲ ಹೇಳಿ ಬಂದರು.

ಈಗ ಆಕೆ ಕೋಲಿಲ್ಲದೆ ಕಾಚಿಗುಡದ ತರಕಾರಿ ಮಾರುಕಟ್ಟೆಗೆ ಹೋಗಿ ಬರುತ್ತಾರೆ. ಅವರು ಶನಿವಾರ ಶನಿವಾರ ಪುತ್ಲಿಬೌಲಿಗೆ ಹೋಗುತ್ತಾರೆ. ಮೇಸ್ತ್ರಿ ಯಾರಿಗಾದರೂ ಗಾಡಿ ನೋಡಲು ಹೊರಟರೆ ಇವರೂ ಹೊರಡುತ್ತಾರೆ, ಟಾರ್ಚು ಹಿಡಿಯಲು. ಹೋದ ತಿಂಗಳು ಬೀದರಿನಲ್ಲಿ ಒಂದು ಹೆರಾಲ್ಡ್ ಇದೆಯೆಂದು ಸುದ್ದಿ ಬಂತು. ಹಣವಿಲ್ಲ, ನೋಡಲು ಹಣ ಬೇಕಿಲ್ಲ. ಹೊರಡುವ ಬೆಳಿಗ್ಗೆ ಆಕೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

'ನೀ ಎಲ್ಲಿಗೆ?'

'ಕ್ಲಚ್ ಒತ್ತಾಕ ಯಾರರ ಬೇಕಲ್ಲ' ಎಂದರು ಆಕೆ.